ಮೊಲಕ್ಕೆ ಐದು ವಿಷಲ್

ಅಡುಗೆಗೆ ಬೇಕಾದದ್ದು ಬೆಂಕಿ ಮತ್ತು ಆತ್ಮವಿಶ್ವಾಸ, ಇವೆರಡೇ ಎಂದು ಜೂನ್ ತಿಂಗಳ ಆ ಶನಿವಾರ ಬೆಳಿಗ್ಗೆ ನಾನು ದೃಢವಾಗಿ ನಂಬಿದ್ದೆ. ಎರಡನೆಯದಂತೂ ನನ್ನ ಬಳಿ ಧಾರಾಳವಾಗಿತ್ತು.

ಅಮೆರಿಕದ ಬೆಲ್ವ್ಯೂನಲ್ಲಿ ನಮ್ಮ ಪಕ್ಕದ ಮನೆಯ ಗ್ಯಾರಿ ಲೈಸೆನ್ಸ್ ಇರುವ ಬೇಟೆಗಾರ. ಚರ್ಮ ಸುಲಿದು, ಶುಚಿ ಮಾಡಿ, ಫ್ರೀಜರಿನಲ್ಲಿಟ್ಟಿದ್ದ ಒಂದು ಕಾಡುಮೊಲವನ್ನು ನನ್ನ ಕೈಗಿತ್ತು, ಬೇಯಿಸಲು ಬರುತ್ತದೆಯೇ ಎಂದು ಕೇಳಿದ. "ಹಾಸನದವರನ್ನ ಕೇಳೋ ಪ್ರಶ್ನೆನಾ ಇದು?" ಎಂದು ಇಂಗ್ಲಿಷಿನಲ್ಲಿ ನಕ್ಕೆ. ನಾನು ಮೊಲವನ್ನು ಹತ್ತಿರದಿಂದ ನೋಡಿದ್ದು ಒಂದನೇ ಕ್ಲಾಸಿನ ಪುಸ್ತಕದಲ್ಲಿ ಮಾತ್ರ ಎಂಬುದು ಅವನಿಗೆ ಅನಗತ್ಯ ಮಾಹಿತಿ.

ಈ ಧೈರ್ಯದ ಹಿಂದೆ ಒಂದು ಸಂಕಟವಿತ್ತು. ಏಳನೇ ಕ್ಲಾಸಿನ ಮಗಳು ಅದಿತಿ, "ದಿಸ್ ಈಸ್ ದ ಲಾಸ್ಟ್ ಟೈಮ್, ಅಪ್ಪಾ. ನೆಕ್ಸ್ಟ್ ಇಯರ್ ಕ್ಯಾಂಪಿಂಗ್‌ಗೆ ಫ್ರೆಂಡ್ಸ್ ಜೊತೆ ಹೋಗ್ತೀನಿ. ನಿಮ್ ಜೊತೆ ಬೋರ್" ಎಂದಿದ್ದಳು. ಬೋರ್! ನನಗೆ ನಿಜಕ್ಕೂ ಬೇಜಾರಾಯಿತು. ಟೆಂಟಿನಲ್ಲಿ ನನ್ನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗುತ್ತಿದ್ದ ಮಗು ಅದು. ಈ ಸಲದ ಕ್ಯಾಂಪಿಂಗ್‌ನಲ್ಲಿ ಮೊಲ ಸುಟ್ಟು ಬಡಿಸಿಯಾದರೂ ಅವಳ ಮನಸ್ಸು ಬದಲಾಯಿಸಲೇಬೇಕೆಂದು ತೀರ್ಮಾನಿಸಿದೆ.

ಹಾಸನದ ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಕೋಳಿಗೆ ಮೂರು ವಿಷಲ್ ಕೂಗಿಸ್ತೀವಲ್ಲ, ಕಾಡುಮೊಲ ಗಟ್ಟಿ ಇರತ್ತೆ, ಐದು ಕೂಗಿಸು" ಎಂದರು. ಆಮೇಲೆ, "ಯಾಕೋ, ಅಲ್ಲಿ ಕೋಳಿ ಸಿಗಲ್ವೇನೋ ಪಾಪ?" ಎಂದು ಮರುಗಿದರು.

ಹೊರಡುವಾಗ ನೋಡಿದರೆ ಹೆಂಡತಿ ಶೈಲಾ ಕಾರಿನ ಡಿಕ್ಕಿಯಲ್ಲಿ ಪುಟ್ಟ ಕುಕ್ಕರ್ ಇಟ್ಟಿದ್ದಾಳೆ.

"ತೆಗಿ ಅದನ್ನ. ಕಾಡಿಗೆ ಹೋಗಿ ಕುಕ್ಕರ್ ಇಡ್ತಾರಾ ಯಾರಾದ್ರೂ? ಚಾಕು, ಉಪ್ಪು, ಖಾರದ ಪುಡಿ, ಒಂದು ತಟ್ಟೆ. ಸಾಕು."

"ನಿನ್ನಿಷ್ಟ" ಎಂದಳು. ನಮ್ಮ ಸಂಸಾರದಲ್ಲಿ ಇದಕ್ಕಿಂತ ಅಪಾಯಕಾರಿ ಪದವನ್ನು ನಾನು ಕೇಳಿಲ್ಲ. ಆದರೂ ಕುಕ್ಕರನ್ನು ಗರಾಜಿನಲ್ಲೇ ಬಿಟ್ಟು ಹೊರಟೆವು.

ಬೆಟ್ಟದ ಮೇಲಿನ ಕ್ಯಾಂಪಿನಲ್ಲಿ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಸೌದೆ ಹೊತ್ತಿಕೊಳ್ಳಲು ಸುತರಾಂ ಒಪ್ಪಲಿಲ್ಲ. ನಾನು ಊದಿ ಊದಿ ತಲೆ ತಿರುಗಿ ಕುಳಿತಾಗ ಶೈಲಾ ತನ್ನ ಬ್ಯಾಗಿನಿಂದ ಕರ್ಪೂರದ ಡಬ್ಬಿ ತೆಗೆದಳು. ಬೆಂಕಿ ಧಗ್ಗನೆ ಎದ್ದಿತು.

"ವೇಟ್, ಮೊಲಕ್ಕೆ ಪೂಜೆ ಮಾಡ್ತಿದೀವಾ?" ಎಂದಳು ಅದಿತಿ.

ನಾನು ಘನತೆಯಿಂದ ಮೊಲಕ್ಕೆ ಉಪ್ಪು, ಖಾರ ಸವರಿ, ಕೋಲಿಗೆ ಚುಚ್ಚಿ, ಉರಿಯ ಮೇಲೆ ಹಿಡಿದೆ. ಖಾರದ ಪುಡಿ ಸುಟ್ಟು ಎದ್ದ ಘಾಟಿಗೆ ಮೂವರೂ ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟೆವು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕೋಲು ಸುಟ್ಟು ಮುರಿದು, ಮೊಲ ಬೂದಿಗೆ ಬಿತ್ತು. ತೊಳೆದೆ. ಮತ್ತೆ ಖಾರ ಸವರಿದೆ, ಹೊಸ ಕೋಲಿಗೆ ಚುಚ್ಚಿದೆ. ಇನ್ನೊಂದು ಸುತ್ತು ಕೆಮ್ಮಿದೆವು.

ಸ್ವಲ್ಪ ಹೊತ್ತಿನಲ್ಲಿ ಮೊಲ ಹೊರಗೆ ಇದ್ದಿಲಿನಂತಾಯಿತು. ಚಾಕುವಿನಿಂದ ಬಿಡಿಸಿ ನೋಡಿದರೆ ಒಳಗೆ ಹಸಿ ಹಸಿ. ಆಗ ನನಗೆ ಮೊದಲ ಬಾರಿಗೆ ಒಂದು ಮೂಲಭೂತ ಪ್ರಶ್ನೆ ಎದುರಾಯಿತು.

"ಶೈಲಾ, ಐದು ವಿಷಲ್ ಅಂದ್ರೆ ಎಷ್ಟು ನಿಮಿಷ?"

"ನನಗೇನ್ ಗೊತ್ತು? ವಿಷಲ್ ಎಣಿಸ್ತೀನಿ, ಗಡಿಯಾರ ಯಾರು ನೋಡ್ತಾರೆ?"

ದೊಡ್ಡಮ್ಮನನ್ನು ಕೇಳೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ಇಷ್ಟು ವರ್ಷ ನಮ್ಮನ್ನು ಸಾಕಿದ್ದು ಕುಕ್ಕರ್. ಅದು ಕೂಗದಿದ್ದರೆ ಬೆಂದಿತೋ ಇಲ್ಲವೋ ಎಂದು ನಮಗಿಬ್ಬರಿಗೂ ತಿಳಿಯುವುದಿಲ್ಲ.

"ಐ ಕ್ಯಾನ್ ಹೆಲ್ಪ್" ಎಂದಳು ಅದಿತಿ. ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಸೀಟಿ ಹೊಡೆದಳು. "ಒಂದು." ಮತ್ತೆ ಹೊಡೆದಳು. "ಎರಡು." ಶೈಲಾ ನಗು ತಡೆಯಲಾರದೆ ಬೆಂಚಿನ ಮೇಲೆ ಕುಸಿದಳು.

ಮೂರನೆಯದಕ್ಕೆ ಪಕ್ಕದ ಟೆಂಟಿನ ಕಡೆಯಿಂದ ಕಂದು ಬಣ್ಣದ ದೊಡ್ಡ ನಾಯಿಯೊಂದು ಬಾಣದಂತೆ ಬಂತು. ನನ್ನ ಕೈಯಲ್ಲಿದ್ದ ಕೋಲಿನಿಂದ ಮೊಲವನ್ನು ಕಿತ್ತುಕೊಂಡು ಓಡಿತು. ನಾನು ಖಾಲಿ ಕೋಲು ಹಿಡಿದು ನಿಂತೆ.

ಅದರ ಹಿಂದೆಯೇ ಓಡಿಬಂದ ಬಿಳಿಕೂದಲ ಅಜ್ಜಿ, ಸೀಟಿ ಹೊಡೆದೇ ನಾಯಿಯನ್ನು ಊಟಕ್ಕೆ ಕರೆಯುವುದು ತಮ್ಮ ರೂಢಿಯೆಂದು ಹೇಳಿ ನೂರು ಸಲ ಕ್ಷಮೆ ಕೇಳಿದರು. ಪರವಾಗಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ನಾಯಿ ವಾಪಸ್ ಬಂತು. ಮೊಲವನ್ನು ನನ್ನ ಕಾಲ ಬುಡದಲ್ಲಿ ಉಗುಳಿ, ನಾಲಿಗೆ ಚಾಚಿ, ನೀರಿನ ಬಟ್ಟಲು ಹುಡುಕುತ್ತಾ ಹೋಯಿತು!

ಅದಿತಿ ನೆಲದ ಮೇಲೆ ಹೊರಳಾಡಿ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ನನ್ನ ಮರ್ಯಾದೆ ಹೋಗಿದ್ದರೂ ಹೊಟ್ಟೆ ತಣ್ಣಗಾಯಿತು.

ಅಜ್ಜಿ ಸುಟ್ಟ ಜೋಳ, ಬೀನ್ಸ್ ತಂದುಕೊಟ್ಟರು. ಉಳಿದ ಖಾರದ ಪುಡಿ ಜೋಳಕ್ಕೆ ಹಚ್ಚಿಕೊಂಡು ಎಲ್ಲರೂ ತಿಂದೆವು. ನಾಯಿ ಅದಿತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

"ಅಪ್ಪಾ, ನೆಕ್ಸ್ಟ್ ಇಯರ್ ಇದೇ ಸೈಟ್ ಬುಕ್ ಮಾಡ್ತೀಯಾ?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ನಮ್ ಜೊತೆ ಬರ್ತೀಯಾ?"

"ಇವ್ನೂ ಬರ್ತಾನಂತೆ" ಎಂದು ನಾಯಿಯ ಕಿವಿ ಸವರಿದಳು. "ಅಜ್ಜಿ ಪ್ರಾಮಿಸ್ ಮಾಡಿದ್ದಾರೆ. ಬಟ್ ಅಪ್ಪಾ, ಯು ಆರ್ ನಾಟ್ ಕುಕಿಂಗ್."

ಮನೆಗೆ ಬಂದವನೇ ಕುಕ್ಕರನ್ನು ಎತ್ತಿ ಡಿಕ್ಕಿಯಲ್ಲಿಟ್ಟೆ. ಇನ್ನೂ ಅಲ್ಲೇ ಇದೆ. ಮಗಳು ಬರುತ್ತಿರುವುದು ನನ್ನ ಅಡುಗೆಗಾಗಿ ಅಲ್ಲ, ನನಗಾಗಿಯೂ ಅಲ್ಲ, ಒಂದು ನಾಯಿಗಾಗಿ. ಇರಲಿ, ಬರುವುದು ನನ್ನ ಕಾರಿನಲ್ಲೇ ತಾನೆ!