ಎದುರು ಕಿಟಕಿಯ ಹೆಂಗಸು

"ನಿಮ್ಮ ಬುಟ್ಟಿಗಳಿಗೆ ಸ್ಫೂರ್ತಿ ಏನು?"

ಕಲಾಪ್ರದರ್ಶನದ ಮೇಡಂ ಕೇಳಿದ್ದು ಇಷ್ಟೇ. ಬುಟ್ಟಿ ಹೆಣೆಯುವವನ ಕೈ ನಿಂತುಹೋಯಿತು. ಬಟ್ಟೆಗೆ ಬಣ್ಣ ಹಾಕುವ ಭಾವಮೈದುನನ ತೊಟ್ಟಿಯಲ್ಲಿ ಏನು ಉಳಿಯುತ್ತದೋ ಅದರಲ್ಲೇ ಬಿದಿರಿನ ಸೀಳುಗಳನ್ನು ಅದ್ದಿ ತರುವ ಮನುಷ್ಯ ಅವನು. ಕಿತ್ತಳೆಯ ಮಗ್ಗುಲಿಗೆ ನೇರಳೆ ಬಂದು ಕುಳಿತಿದ್ದರೆ ಅದಕ್ಕೆ ಭಾವಮೈದುನನ ಗಿರಾಕಿಗಳು ಕಾರಣರೇ ಹೊರತು ಅವನ ಅಂತರಾತ್ಮವಲ್ಲ.

ಆದರೆ ಅದನ್ನು ಹೇಳುವುದು ಹೇಗೆ? ಪ್ರದರ್ಶನದಲ್ಲಿ ಪ್ರತಿ ಬುಟ್ಟಿಯ ಕೆಳಗೆ ಹೆಣೆದವರ ಹೆಸರು, ಅದರ ಕೆಳಗೆ ಸ್ಫೂರ್ತಿಯ ಒಂದು ಸಾಲು ಇರಬೇಕಂತೆ. ಸ್ಫೂರ್ತಿ ಇಲ್ಲದವರಿಗೆ ಜಾಗವಿಲ್ಲ. ಅವನ ಬುಟ್ಟಿಗಳು ಒಂದು ಜೀವಮಾನವಿಡೀ ಈರುಳ್ಳಿ ಹೊತ್ತು ಸವೆದಿದ್ದವು. ಹೆಣೆದದ್ದು ಯಾರೆಂದು ಒಬ್ಬರೂ ಕೇಳಿರಲಿಲ್ಲ. ಒಮ್ಮೆಯಾದರೂ ತನ್ನ ಹೆಸರು ತನ್ನ ಬುಟ್ಟಿಯ ಕೆಳಗೆ ನಿಲ್ಲಬೇಕೆಂಬ ಆಸೆ ಅವನೊಳಗೆ ಬೂದಿಯಡಿಯ ಕೆಂಡದಂತೆ ಉಳಿದುಕೊಂಡಿತ್ತು.

ಒಲೆಯ ಬಳಿಯಿಂದ ಹೆಂಡತಿ ಕಣ್ಣಲ್ಲೇ ಗದರಿದಳು: ಏನಾದರೂ ಹೇಳಿ!

ಅವನು ತನ್ನ ಮಹಡಿಯ ಕೋಣೆಯ ಕಿಟಕಿಯಿಂದ ಹೊರಗೆ ನೋಡಿದ. ಓಣಿಯಾಚೆ, ಎಂದೋ ಬೀಗ ಬಿದ್ದ ಮನೆಯ ಮಾಳಿಗೆಯ ಕಿಟಕಿ, ಅರ್ಧಕ್ಕೆ ನಿಂತ ಮಾತಿನಂತೆ ತೆರೆದಿತ್ತು.

"ಅಗೋ, ಆ ಕಿಟಕಿ," ಅಂದುಬಿಟ್ಟ. "ಅಲ್ಲೊಬ್ಬ ಹೆಂಗಸು ದಿನಾ ಬೆಳಿಗ್ಗೆ ಪರದೆ ಬದಲಾಯಿಸ್ತಾರೆ. ಅದು ಯಾವ ಬಣ್ಣವೋ ನನ್ನ ಬುಟ್ಟಿಗೂ ಅದೇ."

ಮೇಡಂ ಮುಖ ಅರಳಿತು. "ಅವರನ್ನ ನಾನು ನೋಡ್ಲೇಬೇಕು!"

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಕೊರಳಲ್ಲಿ ಟೇಪು ಜೋತುಬಿಟ್ಟುಕೊಂಡು, ಯಾರೂ ಕರೆಯದೆಯೇ, ಒಳಗೆ ಬಂದಿದ್ದ. "ಆ ಅಮ್ಮ ತಾನೆ? ಪರದೆಗಳನ್ನ ಹೊಲಿದುಕೊಟ್ಟೋನೇ ನಾನು ಮೇಡಂ."

"ನೀನು ಹೊಲಿದ್ರೆ ಆಯ್ತಾ? ಇಸ್ತ್ರಿ ಮಾಡ್ದೋನು ನಾನು," ಎಂದು ಇಸ್ತ್ರಿಯವನು ಮೆಟ್ಟಿಲಿನಿಂದಲೇ ದನಿ ಸೇರಿಸಿದ. "ಪಾಪ, ಎಡಗೈ ಕಿರುಬೆರಳಿಗೆ ಯಾವಾಗ್ಲೂ ಒಂದು ಚಿಂದಿ ಸುತ್ಕೊಂಡಿರ್ತಾರೆ."

ಸುಳ್ಳು ಹೇಳುವಾಗ ಹೆಣೆಯುವವನ ಮನಸ್ಸಿನಲ್ಲಿ ಮೂಡಿದ್ದ ಕೈಗೂ ಕಿರುಬೆರಳಲ್ಲಿ ಚಿಂದಿಯಿತ್ತು. ಅದನ್ನವನು ಬಾಯಿಬಿಟ್ಟು ಹೇಳಿರಲೇ ಇಲ್ಲ.

"ಲೋ, ಬೆರಳಿನ ವಿಷಯ ನಿಂಗ್ಯಾರು ಹೇಳಿದ್ರು?" ಎಂದು ಇಸ್ತ್ರಿಯವನ ಕಿವಿಯಲ್ಲಿ ಕೇಳಿದ.

"ಯಾರು ಹೇಳ್ಬೇಕು? ಬಾಯಿಗೆ ಬಂತು, ಅಂದೆ."

ಎದುರು ಮನೆಯ ಬೀಗದ ಕೈ ಕೆಳಮನೆಯ ಅಜ್ಜಿಯ ಸೊಂಟದಲ್ಲಿತ್ತು. "ಅಲ್ಲಿ ಯಾರಿದಾರೆ ತಾಯೀ? ಹಲ್ಲಿಗಳೂ ಮನೆ ಖಾಲಿ ಮಾಡ್ಕೊಂಡು ಹೋಗಿವೆ," ಅಂದಳು.

ಮೇಡಂ ಹೆಣೆಯುವವನತ್ತ ತಿರುಗಿದರು. "ಹಾಗಾದ್ರೆ ನೀವು ಹೇಳಿದ್ದು ಸುಳ್ಳಾ? ಬಾಗಿಲು ತೆಗೀರಿ, ನೋಡೇಬಿಡೋಣ."

ಅರ್ಧ ಹೆಣೆದ ಬುಟ್ಟಿಯನ್ನು ಚಾಪೆಯ ಮೇಲೆ ಬಿಟ್ಟು, ಅವನು ಹೆಂಡತಿಯೊಡನೆ, ಶಿಕ್ಷೆಗೆ ಹೊರಟವನಂತೆ ಮೆರವಣಿಗೆಯ ಹಿಂದೆ ನಡೆದ.

ಮಾಳಿಗೆಯ ಕೋಣೆಯಲ್ಲಿ ಧೂಳು ಯಾರೂ ತುಳಿಯದ ಹಿಮದಂತೆ ಹರಡಿತ್ತು. ಪರದೆಯಿಲ್ಲ, ಪರದೆ ಕಟ್ಟುವ ಮೊಳೆಯೂ ಇಲ್ಲ.

"ಒಗೆಯೋಕೆ ಹಾಕಿರ್ಬೇಕು," ಎಂದ ದರ್ಜಿ.

"ಮೇಡಂ, ನಿಜ ಹೇಳ್ಬಿಡ್ತೀನಿ..." ಎಂದು ಹೆಣೆಯುವವನು ಗಂಟಲು ಸರಿಮಾಡಿಕೊಂಡ.

ಮೇಡಂ ಕೇಳಿಸಿಕೊಳ್ಳುತ್ತಿರಲಿಲ್ಲ, ಕಿಟಕಿಯಿಂದ ಹೊರಗೆ ಬಾಗಿದ್ದರು. "ಮೊದಲೇ ಹೇಳ್ಬಾರ್ದಾ! ಅವರು ನಿಮ್ಮ ಮನೇಲೇ ಕೂತಿದಾರಲ್ರೀ!"

ಓಣಿಯಾಚೆ, ಅವನದೇ ಕೋಣೆಯಲ್ಲಿ, ಅವನದೇ ಚಾಪೆಯ ಮೇಲೆ ಒಬ್ಬ ಹೆಂಗಸು ತಲೆ ತಗ್ಗಿಸಿ ಕುಳಿತಿದ್ದಳು. ಕಿರುಬೆರಳಲ್ಲಿ ಚಿಂದಿ. ಅರ್ಧದ ಬುಟ್ಟಿ ಅವಳ ಕೈಯಲ್ಲಿ ಸದ್ದಿಲ್ಲದೆ ತಿರುಗುತ್ತ, ಭಾವಮೈದುನನ ತೊಟ್ಟಿ ಎಂದೂ ಕಾಣದ ಬಣ್ಣಗಳಲ್ಲಿ ಮೇಲೇರುತ್ತಿತ್ತು.

ಹೆಂಡತಿ ಗಂಡನ ಅಂಗಿ ಹಿಡಿದಳು. "ಯಾರ್ರೀ ಅವಳು?"

"ನಂಗೇನೇ ಗೊತ್ತು?"

"ದಿನಾ ನೋಡ್ತೀನಿ ಅಂದ್ರಲ್ಲ ಈಗ!"

ಮೇಡಂ ಆಗಲೇ ಮೆಟ್ಟಿಲಿಳಿದು ಓಡಿದ್ದರು. ದರ್ಜಿಗೂ ಇಸ್ತ್ರಿಯವನಿಗೂ ಏಕಕಾಲಕ್ಕೆ ಅವಸರದ ಕೆಲಸಗಳು ನೆನಪಾದವು. ಹೆಣೆಯುವವನ ಕಾಲುಗಳು ಮಾತ್ರ ಕಿಟಕಿಯ ಬಳಿಯೇ ನೆಟ್ಟುಹೋಗಿದ್ದವು. ಆ ಹೆಂಗಸು ಒಮ್ಮೆ ತಲೆಯೆತ್ತಿ ಅವನತ್ತ ಬೆರಳು ತೋರಿಸಿದಾಗಲೇ ಅವುಗಳಿಗೆ ಜೀವ ಬಂತು. ಅವನು ಓಣಿ ದಾಟುವ ಹೊತ್ತಿಗೆ ಮೇಡಂ ಬುಟ್ಟಿ ಹಿಡಿದು ಕೆಳಗಿಳಿಯುತ್ತಿದ್ದರು. ಅಂಚು ಕೂಡ ಮುಗಿದಿತ್ತು.

"ಅವರು...?"

"ಕೈ ತೊಳೆಯೋಕೆ ಒಳಗೆ ಹೋದ್ರು."

ಅವನ ಮನೆಗೆ 'ಒಳಗೆ' ಎಂಬುದೇ ಇರಲಿಲ್ಲ. ಇದ್ದದ್ದು ಒಂದೇ ಕೋಣೆ, ಅದರಾಚೆ ಗೋಡೆ.

"ಮೇಡಂ, ಬುಟ್ಟಿ ಕೆಳಗೆ ನನ್ನ ಹೆಸರು..."

"ಏನ್ರೀ ತಮಾಷೆ? ಹೆಣೆಯೋದನ್ನ ಕಣ್ಣಾರೆ ನೋಡಿದೀನಿ. ಅವರ ಹೆಸರೇ ಇರುತ್ತೆ. ಬೇಜಾರು ಮಾಡ್ಕೋಬೇಡಿ, ನಿಮ್ಮನ್ನೂ ಅವರು ಮರೆತಿಲ್ಲ. ಸ್ಫೂರ್ತಿ ಏನೂಂತ ಕೇಳಿದ್ದಕ್ಕೆ, ಎದುರು ಕಿಟಕೀಲಿ ನಿಂತಿದ್ದ ನಿಮ್ಮನ್ನೇ ತೋರಿಸಿದ್ರು. ಅಲ್ಲೊಬ್ಬ ಮನುಷ್ಯ ದಿನಾ ಅಂಗಿ ಬದಲಾಯಿಸ್ತಾನೆ, ಅದರ ಬಣ್ಣವೇ ನನ್ನ ಬುಟ್ಟಿಗೂ ಅಂದ್ರು."

ಮೇಡಂ ಬುಟ್ಟಿಯನ್ನು ಕಂಕುಳಿಗೇರಿಸಿಕೊಂಡು, ದನಿ ತಗ್ಗಿಸಿದರು.

"ಆದ್ರೆ ಎಂಥ ಪ್ರಾಮಾಣಿಕ ಹೆಂಗಸು ನೋಡಿ! ನಾನು ಹೊರಡುವಾಗ ಕೂಗಿ ಕರೆದು, ಅವರೇ ನಾಚ್ಕೊಂಡು ಒಪ್ಪಿಕೊಂಡ್ರು: ಅಂಥ ಮನುಷ್ಯ ಯಾರೂ ಇಲ್ಲವಂತೆ. ಏನಾದ್ರೂ ಹೇಳ್ಬೇಕಲ್ಲ ಅಂತ ಬಾಯಿಗೆ ಬಂದಿದ್ದು ಹೇಳಿದ್ರಂತೆ."