ನಿದ್ದೆ ಮಾಡುವವರನ್ನು ಕಂಡರೆ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚಿನ ಸ್ವಭಾವದವನು ಕಾರಣಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಮನೆ ಬಾಗಿಲಿಗೆ ಬಂದು ಬೆಲ್ ಒತ್ತುತ್ತಿರುತ್ತವೆ. ಮಸ್ಕತ್ತಿನ ಹದಿನೆಂಟು ವರ್ಷಗಳಲ್ಲಿ ನಾನು ಬೇರೆಯವರ ಕಾರು, ಬೇರೆಯವರ ಬಡ್ತಿ, ಬೇರೆಯವರ ಮಕ್ಕಳ ಅಂಕ, ಎಲ್ಲದರ ಮೇಲೂ ಸರದಿಯ ಪ್ರಕಾರ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆದರೆ ಕಚ್ಚಾ ಎಣ್ಣೆಯ ಬೆಲೆ ಬಿದ್ದ ವರ್ಷಗಳಲ್ಲಿ ಪಟ್ಟಷ್ಟು ಎಂದೂ ಪಟ್ಟಿಲ್ಲ. ಆಗ ನನಗೆ ಬೇಕಾಗಿದ್ದದ್ದು ಒಂದೇ: ನಿದ್ದೆ.

ನಾನಿದ್ದದ್ದು ಒಂದು ಕಟ್ಟಡ ಕಂಪನಿಯ ಟೆಂಡರ್ ವಿಭಾಗದಲ್ಲಿ. ಟೆಂಡರುಗಳು ಬರುವುದೇ ನಿಂತ ಮೇಲೆ ನಾವು ಹಳೆಯವನ್ನು ತೆಗೆದು, ದೂಳು ಹೊಡೆದು, ಮತ್ತೆ ಅಲ್ಲೇ ಇಡುತ್ತಿದ್ದೆವು. ಗುರುವಾರ ಸಂಜೆಯಾಯಿತೆಂದರೆ ಎಲ್ಲರ ಕಣ್ಣೂ ಎಚ್.ಆರ್. ಕೋಣೆಯ ಬಾಗಿಲ ಮೇಲೆ. ಒಳಗೆ ಕರೆಸಿಕೊಂಡವರು ಹೊರಗೆ ಬಂದು "ಖಲಾಸ್" ಎಂದು ಒಂದೇ ಮಾತು ಹೇಳಿ, ಮೇಜಿನ ಮೇಲಿನ ಮಕ್ಕಳ ಫೋಟೋ ಎತ್ತಿಕೊಂಡು ಹೋಗುತ್ತಿದ್ದರು. ಐದು ತಿಂಗಳು ನಾನು ಸರಿಯಾಗಿ ಮಲಗಲಿಲ್ಲ. ಕೂತಲ್ಲೇ ಎದೆ ಹೊಡೆದುಕೊಳ್ಳುತ್ತಿತ್ತು. ಓದಿದ ಪುಟವನ್ನೇ ನಾಲ್ಕು ಸಲ ಓದುತ್ತಿದ್ದೆ. ಹೆಂಡತಿಗೂ ಹೇಳಲಿಲ್ಲ. ಇವನಿಗೆ ತಲೆ ಸರಿಯಿಲ್ಲವಂತೆ ಎಂಬ ಸುದ್ದಿ ಹೇಗಾದರೂ ಆಫೀಸಿಗೆ ಮುಟ್ಟಿದರೆ ಮುಂದಿನ ಗುರುವಾರ ನನ್ನದೇ.

ಗೊರಕೆ

ಮಸ್ಕತ್ತಿನ ಅಲ್ ಹೈಲ್‌ನಲ್ಲಿ ನಮ್ಮ ಮೇಲಿನ ಮನೆಯವರು ಉಡುಪಿ ಕಡೆಯವರು. ಟೈಲ್ಸ್ ಕಂಪನಿಯೊಂದರ ಸೇಲ್ಸ್‌ನಲ್ಲಿದ್ದರು. ನಮ್ಮ ಕಟ್ಟಡದಲ್ಲಿ ಮೊದಲು ಕೆಲಸ ಕಳೆದುಕೊಂಡವರು ಅವರೇ. ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಒಳ್ಳೆಯವನು, ಬೇರೆ ಕೆಲಸ ಹುಡುಕಿಕೊಳ್ಳಲು ಸಮಯ ಕೊಟ್ಟಿದ್ದ. ಪಾಪ, ಹೇಗಿದ್ದಾರೋ ಎಂದು ನಾನು ಮರುಗುತ್ತಿರುವಾಗಲೇ ಒಂದು ಶುಕ್ರವಾರ ಮಧ್ಯಾಹ್ನ ಏಸಿಯ ಕೊಳವೆಯೊಳಗಿಂದ ಅವರ ಗೊರಕೆ ಇಳಿದು ಬಂತು. ಸಾಮಾನ್ಯ ಗೊರಕೆಯಲ್ಲ. ತುಂಬಿದ, ತೃಪ್ತಿಯ, ಯಾರಿಗೂ ಏನೂ ಬಾಕಿ ಇಲ್ಲದ ಗೊರಕೆ. ಕೆಲಸವಿದ್ದ ನಾನು ಕೆಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದೆ; ಕೆಲಸವಿಲ್ಲದವರು ಮೇಲೆ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ನನಗೆ ಸಹಿಸಲಾಗಲಿಲ್ಲ.

ಮರುದಿನ ಮೆಟ್ಟಿಲ ಮೇಲೆ ಸಿಕ್ಕರು. "ಚೆನ್ನಾಗಿ ನಿದ್ದೆ ಮಾಡ್ತೀರ ಅಂತ ಕಾಣುತ್ತೆ" ಎಂದೆ.

"ಅದಾ? ಡಾಕ್ಟರಲ್ಲಿಗೆ ಹೋಗ್ತೇನೆ ಮಾರಾಯ್ರೆ. ತಲೆಯ ಡಾಕ್ಟರು!" ಎಂದರು, ಮೂರೂ ಮಹಡಿಗೆ ಕೇಳುವಂತೆ. "ಕೆಲಸ ಹೋದ ಮೇಲೆ ಎಂಥದೂ ಬೇಡ ಅಂತ ಆಗಿತ್ತು. ಊಟ ಬೇಡ, ಸ್ನಾನ ಬೇಡ. ಈಗ ಎಷ್ಟೋ ವಾಸಿ. ನಿಮಗೆ ಬೇಕಾ? ನಂಬರ್ ಉಂಟು."

"ನನಗೆ ಯಾಕೆ!" ಎಂದು ನಾನು ಹೇಳಿದ ವೇಗಕ್ಕೆ ಅವರು ಒಂದು ಮೆಟ್ಟಿಲು ಹಿಂದೆ ಸರಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಮೇಲಿನ ಮನೆಯವರು ಹುಚ್ಚಿಗೆ ಔಷಧಿ ತಗೋತಿದಾರಂತೆ."

ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ಒಂಬತ್ತು ಗಂಟೆ ನಿದ್ದೆ, ಎದ್ದ ಮೇಲೆ ನಗು. ಅದು ಹುಚ್ಚಾದರೆ ನಿಮಗೂ ಸ್ವಲ್ಪ ಹಿಡೀಲಿ."

ಎರಡು ಗಂಟೆಯ ದಾರಿ

ನಂಬರ್ ಬೇಡವೆಂದ ಮೇಲೆ ಮತ್ತೆ ಕೇಳುವಂತಿಲ್ಲ. ನಾನೇ ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಮಸ್ಕತ್ತಿನಲ್ಲಿ ಯಾವ ಕ್ಲಿನಿಕ್ಕಿಗೆ ಹೋದರೂ ಒಬ್ಬ ಕನ್ನಡಿಗನಾದರೂ ಕುರ್ಚಿಯಲ್ಲಿ ಕೂತಿರುತ್ತಾನೆ, ಕೂತವನು ಏನು ಸಮಾಚಾರ ಎಂದು ಕೇಳಿಯೇ ಕೇಳುತ್ತಾನೆ. ಆದ್ದರಿಂದ ದೂರದ ಸಹಮ್ ಊರನ್ನು ಆರಿಸಿದೆ. ಅಲ್ಲಿ ಮೀನು, ತೋಟ, ನಾಲ್ಕು ಅಂಗಡಿ. ನನ್ನನ್ನು ಬಲ್ಲವರು ಯಾರೂ ಇಲ್ಲ. ಸೈಟ್ ನೋಡಲು ಹೋಗಬೇಕೆಂದು ಮನೆಯಲ್ಲಿ ಸುಳ್ಳು ಹೇಳಿ ಒಂದು ಶನಿವಾರ ಎರಡು ಗಂಟೆ ಕಾರು ಓಡಿಸಿದೆ.

ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಒಬ್ಬ ವಯಸ್ಸಾದ ಒಮಾನಿ ರೈತ. ಪಾದದವರೆಗೆ ಬಿಳಿ ದಿಶ್‌ದಾಶಾ ನಿಲುವಂಗಿ, ಕೈಯಲ್ಲಿ ಕೋಲು. ಹಿಂದಿಯಲ್ಲಿ ಕೇಳಿದ: "ನಿನಗೂ ನಿದ್ದೆ ಬರುವುದಿಲ್ಲವೋ?"

"ಇಲ್ಲ ಇಲ್ಲ, ಮಂಡಿ ನೋವು" ಎಂದೆ.

"ನನಗೆ ಹೆಂಡತಿ ತೀರಿಕೊಂಡ ಮೇಲೆ ನಿದ್ದೆ ಇರಲಿಲ್ಲ. ಈ ಡಾಕ್ಟರ್ ಬಹಳ ಒಳ್ಳೆಯವರು. ಮಂಡಿಯನ್ನೂ ನೋಡಬಹುದು, ಕೇಳು" ಎಂದ. ಅವನ ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲ. ಅವನ ಮೇಲೂ ಹೊಟ್ಟೆಕಿಚ್ಚಾಯಿತು.

ಒಳಗೆ ಹೋದರೆ ಡಾಕ್ಟರು ಧಾರವಾಡದವರು. ಐವತ್ತರ ಹತ್ತಿರದ ಹೆಂಗಸು, ಕಾಟನ್ ಸೀರೆ, ಓದುವ ಕನ್ನಡಕ. ನನ್ನ ಹೆಸರು ನೋಡಿದವರೇ ಕನ್ನಡಕ್ಕೆ ಇಳಿದರು. ಓಡಿಹೋಗಲು ತಡವಾಗಿತ್ತು. ಮುಕ್ಕಾಲು ಗಂಟೆ ಮಾತಾಡಿದೆ. ನಾನು! ಮದುವೆಯ ವಿಡಿಯೋದಲ್ಲೂ ಮಾತಾಡದವನು. ಎದ್ದಾಗ ಎದೆಯ ಮೇಲಿನ ಸಿಮೆಂಟಿನ ಚೀಲವನ್ನು ಯಾರೋ ತುಸು ಪಕ್ಕಕ್ಕೆ ಸರಿಸಿದ ಹಾಗಿತ್ತು.

"ಮುಂದಿನ ಶನಿವಾರ ಇದೇ ಹೊತ್ತಿಗೆ ಬರ್ತೀನಿ ಮೇಡಂ" ಎಂದೆ.

"ಇಷ್ಟು ದೂರ ಯಾಕ ಬರ್ತೀರಿ?" ಎಂದರು ಅವರು. "ನಾ ಇಲ್ಲಿಗೆ ಬರೋದು ವಾರಕ್ಕೊಂದ ದಿನ. ಉಳಿದ ಐದೂ ದಿನ ಅಲ್ ಮವಾಲೇಹ್‌ದಾಗ ಇರ್ತೇನ್ರೀ. ನಿಮ್ಮ ಮನಿಯಿಂದ ಹತ್ತು ನಿಮಿಷ."

ಹಲ್ಲು

ಅಲ್ ಮವಾಲೇಹ್‌ನಲ್ಲಿ ದೊಡ್ಡ ತರಕಾರಿ ಮಾರುಕಟ್ಟೆ ಇರುವುದು ನನ್ನ ಪುಣ್ಯ. ಪ್ರತಿ ಮಂಗಳವಾರ ಸಂಜೆ ಆರೂವರೆಗೆ ಡಾಕ್ಟರು, ಏಳೂಕಾಲಿಗೆ ಬದನೆಕಾಯಿ. ಡಾಕ್ಟರ ಕ್ಲಿನಿಕ್ಕಿನ ನಂಬರನ್ನು ಫೋನಿನಲ್ಲಿ "ತರಕಾರಿ ಅಂಗಡಿ" ಎಂದು ಸೇರಿಸಿಕೊಂಡೆ. ವ್ಯವಸ್ಥೆ ಭದ್ರವಾಗಿತ್ತು.

ಎರಡನೇ ವಾರವೇ ಡಾಕ್ಟರ ಕೋಣೆಯ ಬಾಗಿಲು ತೆಗೆದು ನಗುತ್ತಾ ಹೊರಗೆ ಬಂದವರು ನಮ್ಮ ಮೇಲಿನ ಮನೆಯವರು! ಅವರ ಹಿಂದೆಯೇ ಡಾಕ್ಟರ ನಗುವೂ ಕೇಳಿಸಿತು. ನನ್ನೆದುರು ಆಕೆ ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ಗಡಿಯಾರ ನೋಡಿದೆ. ಇವರಿಗೆ ಹತ್ತು ನಿಮಿಷ ಹೆಚ್ಚೇ ಕೊಟ್ಟಿದ್ದರು.

"ಓ, ನೀವಾ!" ಎಂದರು ಅವರು. ನನ್ನ ಮುಖ ನೋಡಿ ಏನನ್ನಿಸಿತೋ, ತಾವೇ ದಾರಿ ತೋರಿಸಿದರು: "ಹಲ್ಲಿಗಾ?"

ಆ ಕಟ್ಟಡದಲ್ಲೇ ಹಲ್ಲಿನ ಡಾಕ್ಟರೂ ಇದ್ದರು. "ಹೂಂ, ಹಲ್ಲಿಗೆ" ಎಂದು ದವಡೆ ಹಿಡಿದುಕೊಂಡೆ.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಉಪಕಾರಿ ಮನುಷ್ಯ. "ನೋವಿನಲ್ಲಿ ಒಬ್ಬರೇ ಕೂರಬಾರದು ಮಾರಾಯ್ರೆ" ಎಂದು ಪಕ್ಕದಲ್ಲೇ ಕೂತರು. ಕೂತು ಸುಮ್ಮನಿರದೆ ರಿಸೆಪ್ಷನ್ನಿಗೆ ಹೋಗಿ, ಇವರಿಗೆ ಬಹಳ ನೋವಿದೆ, ಬೇಗ ಕಳಿಸಿ ಎಂದು ಹಲ್ಲಿನವರ ಹತ್ತಿರ ಶಿಫಾರಸು ಮಾಡಿದರು. ಐದು ನಿಮಿಷದಲ್ಲಿ ನಾನು ಬಾಯಿ ತೆರೆದು ಮಲಗಿದ್ದೆ. ಹಲ್ಲಿನ ಡಾಕ್ಟರು ಎಲ್ಲ ಚೆನ್ನಾಗಿವೆಯಲ್ಲ ಎಂದು ಬೇಸರಪಟ್ಟುಕೊಂಡು, ಕೊನೆಗೆ ಕ್ಲೀನ್ ಮಾಡಿ ಕಳಿಸಿದರು.

ಹೊರಗೆ ಬಂದರೆ ಮೇಲಿನ ಮನೆಯವರು ಮತ್ತೆ ಮನಸ್ಸಿನ ಡಾಕ್ಟರ ಬಾಗಿಲಿನಿಂದಲೇ ಬರುತ್ತಿದ್ದರು, ಮೊದಲಿಗಿಂತ ಹಗುರವಾಗಿ.

"ಇವತ್ತು ನನ್ನ ಅದೃಷ್ಟ ನೋಡಿ! ನನ್ನ ನಂತರದವ ಯಾರೋ ಬರಲೇ ಇಲ್ಲವಂತೆ. ಡಾಕ್ಟರು ಅವನ ಟೈಮನ್ನೂ ನನಗೇ ಕೊಟ್ಟರು."

ಕೈ ಎತ್ತಿ

ಆ ತಿಂಗಳು ನಮ್ಮ ಕಂಪನಿಯಲ್ಲಿ ಇನ್ನೊಂದು ಸಾಲು ಕುರ್ಚಿ ಖಾಲಿಯಾಯಿತು. ಉಳಿದವರ ಮನಸ್ಸನ್ನು ಗಟ್ಟಿ ಮಾಡಬೇಕೆಂದು ಎಚ್.ಆರ್. ಮ್ಯಾನೇಜರು ಮಾನಸಿಕ ಆರೋಗ್ಯದ ಬಗ್ಗೆ ಒಂದು ಭಾಷಣ ಇಡಿಸಿದರು. ಹಾಜರಿ ಕಡ್ಡಾಯ. ಅವರೇ ಒಂದು ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ಕೂತರು. ಭಾಷಣಕಾರರು ಬಂದಾಗ ನಾನು ಕುರ್ಚಿಯಿಂದ ಅರ್ಧ ಕೆಳಗೆ ಜಾರಿದೆ. ಅದೇ ಕಾಟನ್ ಸೀರೆ, ಅದೇ ಕನ್ನಡಕ.

ಆಕೆ ನನ್ನನ್ನು ನೋಡಿ "ಹೇಗಿದ್ದೀರಿ" ಎಂದುಬಿಟ್ಟರೆ ನನ್ನ ಕಥೆ ಮುಗಿಯಿತು. ದೇವರೇ, ಗುರುತಿಸದಿರಲಿ ಎಂದು ಬೇಡಿಕೊಂಡೆ. ಆಕೆಯ ಕಣ್ಣು ನನ್ನ ಮೇಲೆ ಹಾದು, ಗೋಡೆಯ ಮೇಲೆ ಹಾದಷ್ಟೇ ಸಲೀಸಾಗಿ ಮುಂದೆ ಹೋಯಿತು. ಬೇಡಿದ್ದು ಸಿಕ್ಕಿತ್ತು. ಎರಡು ನಿಮಿಷದಲ್ಲೇ ನನಗೆ ಅವಮಾನವಾಗತೊಡಗಿತು. ಇಷ್ಟು ವಾರ ಎದೆ ಬಿಚ್ಚಿಟ್ಟಿದ್ದೇನೆ, ಒಂದು ಸಣ್ಣ ಗುರುತೂ ಇಲ್ಲವೇ? ಅತ್ತ ಮ್ಯಾನೇಜರ ಜೊತೆ ಮಾತ್ರ ಎಂಥ ನಗು!

ಮಾತು ಚೆನ್ನಾಗಿತ್ತು. ಜ್ವರ ಬಂದರೆ ಹೇಳುತ್ತೀರಿ, ಸಕ್ಕರೆ ಕಾಯಿಲೆ ಬಂದರೆ ಹೇಳುತ್ತೀರಿ, ಮನಸ್ಸಿಗೆ ಬಂದದ್ದನ್ನು ಯಾಕೆ ಬಚ್ಚಿಡುತ್ತೀರಿ ಎಂದು ಕೇಳಿದರು. ಎಲ್ಲರೂ ತಲೆಯಾಡಿಸಿದೆವು. ಆಮೇಲೆ, "ನಿಮ್ಮಲ್ಲಿ ಯಾರಿಗೆ ಒಳ್ಳೆಯ ನಿದ್ದೆ ಬರುತ್ತಿದೆ? ಕೈ ಎತ್ತಿ" ಎಂದರು.

ಮ್ಯಾನೇಜರು ನೋಟ್‌ಬುಕ್ ತೆರೆದರು. ಇಡೀ ಸಭೆ ಕೈ ಎತ್ತಿತು. ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ, ಎಲ್ಲರಿಗಿಂತ ಎತ್ತರಕ್ಕೆ.

ಮಂಗಳವಾರ ಒಳಗೆ ಹೋಗಿ ಕೂತೆ. ಡಾಕ್ಟರು ನನ್ನ ಫೈಲು ಮುಚ್ಚಿಟ್ಟು ಗಂಭೀರವಾಗಿ ಹೇಳಿದರು: "ನಿದ್ದಿ ಭಾಳ ಛಲೋ ಬರಾಕತ್ತೈತಂತಲ್ರೀ. ಸಂತೋಷ. ಇನ್ನ ಬರೋದೇನ ಬ್ಯಾಡಲ್ಲ?"

ತರಕಾರಿ ಅಂಗಡಿಯ ಸಂದೇಶ

ಎರಡು ತಿಂಗಳಲ್ಲಿ ನಿಜವಾಗಿಯೂ ನಿದ್ದೆ ಬರತೊಡಗಿತು. ಎಂಥ ನಿದ್ದೆ ಎಂದರೆ, ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಗುವಂಥದ್ದು. ಹೆಂಡತಿ ಮಾತ್ರ ದಿನದಿಂದ ದಿನಕ್ಕೆ ಗಂಟುಮುಖ ಮಾಡಿಕೊಳ್ಳುತ್ತಿದ್ದಳು. ಕೇಳಿದರೆ "ಏನಿಲ್ಲ" ಎನ್ನುತ್ತಿದ್ದಳು. ನಾನೂ ಅಷ್ಟಕ್ಕೇ ಬಿಡುತ್ತಿದ್ದೆ. "ಏನಿಲ್ಲ" ಎನ್ನುವುದು ನಮ್ಮ ಮನೆಯಲ್ಲಿ ನನ್ನ ಮಾತಾಗಿತ್ತು. ಅದು ಅವಳ ಬಾಯಲ್ಲಿ ಬಂದಾಗಲಾದರೂ ನನಗೆ ತಿಳಿಯಬೇಕಿತ್ತು.

ಒಂದು ಭಾನುವಾರ ಸಂಜೆ ಊಟದ ಮೇಜಿನ ಮೇಲೆ ನನ್ನ ಫೋನ್ ಸದ್ದು ಮಾಡಿತು. ಹತ್ತನೇ ಕ್ಲಾಸಿನ ಮಗಳು ನೋಡಿ, ಓದಿಕೊಂಡು, ಅಡುಗೆಮನೆಗೆ ಕೂಗಿದಳು: "ಅಮ್ಮಾ, ವೆಜಿಟಬಲ್ ಶಾಪ್ ವಾಂಟ್ಸ್ ಟು ಮೀಟ್ ಯೂ!"

ಮಂಗಳವಾರ ಆರೂವರೆಗೆ ಬನ್ನಿ, ಈ ಬಾರಿ ದಯವಿಟ್ಟು ನಿಮ್ಮ ಪತ್ನಿಯನ್ನೂ ಕರೆತನ್ನಿ ಎಂದು ಬಂದಿತ್ತು.

ಹೆಂಡತಿ ಸೌಟು ಹಿಡಿದೇ ಬಂದಳು. "ತರಕಾರಿಯವನಿಗೆ ನಾನ್ಯಾಕ್ರೀ?"

"ನನಗೆ ಟೊಮೇಟೊ ಆರಿಸೋಕೆ ಬರಲ್ಲವಂತೆ" ಎಂದೆ. ಅದಕ್ಕಿಂತ ಒಳ್ಳೆಯದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಅವಳು ಮಗಳನ್ನು ಒಳಗೆ ಕಳಿಸಿ, ಬಾಗಿಲು ಹಾಕಿ ಕೇಳಿದಳು: "ಅವಳ ಹೆಸರೇನು?"

"ಯಾರ ಹೆಸರು?"

"ನನಗೇನೂ ಗೊತ್ತಾಗಲ್ಲ ಅಂದ್ಕೊಂಡ್ರಾ? ಮಂಗಳವಾರ ಬಂತು ಅಂದ್ರೆ ಇಸ್ತ್ರಿ ಶರ್ಟು. ಬರುವಾಗ ಮುಖ ಅರಳಿರುತ್ತೆ. ಎರಡು ಸಲ ಹುಳಿ ಹಾಕಿಸ್ಕೋತೀರ. ಮಗು ಥರ ಮಲಗ್ತೀರ." ಸೌಟನ್ನು ನನ್ನ ಕಡೆ ತಿರುಗಿಸಿದಳು. "ಹೇಳಿ. ನಾನು ಊರಿಗೆ ಹೋಗಬೇಕಾ?"

ನಾಚಿಕೆಗೇಡು, ಆದರೂ ಹೇಳುತ್ತೇನೆ: ಯಾವುದನ್ನು ಒಪ್ಪಿಕೊಳ್ಳುವುದು ಸುಲಭ ಎಂದು ಒಂದು ಕ್ಷಣ ಯೋಚಿಸಿದೆ. ಇನ್ನೊಬ್ಬ ಹೆಂಗಸು ಎಂದರೆ ಬೈಯುತ್ತಾಳೆ. ಮನಸ್ಸಿನ ಡಾಕ್ಟರು ಎಂದರೆ ಅಯ್ಯೋ ಪಾಪ ಎನ್ನುತ್ತಾಳೆ. ಬೈಗುಳವೇ ವಾಸಿಯೆನಿಸಿತು. ಅಷ್ಟರಲ್ಲಿ ಅವಳ ಕಣ್ಣಿನಿಂದ ನೀರು ಸೌಟಿನ ಮೇಲೆ ಬಿತ್ತು. ಎಲ್ಲವನ್ನೂ ಹೇಳಿಬಿಟ್ಟೆ: ಐದು ತಿಂಗಳು, ಎದೆ ಬಡಿತ, ಗುರುವಾರಗಳು, ಸಹಮ್, ಬದನೆಕಾಯಿ.

ಅವಳು ಸೌಟನ್ನು ಮೇಜಿನ ಮೇಲಿಟ್ಟು ಕೇಳಿದಳು: "ವಾರಾ ವಾರಾ ಮುಕ್ಕಾಲು ಗಂಟೆ ಅವರ ಹತ್ತಿರ ಮಾತಾಡ್ತೀರಾ?"

"ಹೂಂ."

"ಮನಸ್ಸಿನ ಮಾತೆಲ್ಲ?"

"ಹೂಂ."

"ಇಪ್ಪತ್ತು ವರ್ಷದಲ್ಲಿ ನನ್ನ ಹತ್ತಿರ ಆಡಿದ್ದನ್ನೆಲ್ಲ ಒಟ್ಟು ಸೇರಿಸಿದ್ರೂ ಮುಕ್ಕಾಲು ಗಂಟೆ ಆಗಲ್ಲ. ಹಾಗಾದ್ರೆ ಅವಳು ಇನ್ನೊಬ್ಬ ಹೆಂಗಸೇ ಅಲ್ವೇನ್ರೀ?"

ಮಂಗಳವಾರ

ಡಾಕ್ಟರಲ್ಲಿಗೆ ಅವಳೂ ಹೊರಟಳು. ರೇಷ್ಮೆ ಸೀರೆ ಉಟ್ಟಿದ್ದಳು. ಜಗಳಕ್ಕೋ ಮದುವೆಗೋ ಎಂದು ಹೇಳಲಾಗದಂಥ ಸೀರೆ. ಒಳಗೆ ಹೋಗಿ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರೇನಾ?" ಎಂದು ನನ್ನನ್ನು ಕೇಳಿದಳು.

"ನಾನ ರೀ" ಎಂದರು ಡಾಕ್ಟರು. "ಕೂಡ್ರಿ. ನೀವು ಹ್ಯಾಂಗದೀರಿ?"

"ನನಗೇನಾಗಿದೆ? ತೊಂದರೆ ಇವರಿಗೆ."

"ಇವರ ಮಾತು ಕೇಳೇನಿ. ಇವರಿಗೆ ನಿದ್ದಿ ಇಲ್ಲದ ಐದು ತಿಂಗಳು ನೀವು ಹ್ಯಾಂಗ ಇದ್ರಿ, ಅದನ್ನ ಯಾರೂ ಕೇಳಲಿಲ್ಲ ಅನಸ್ತದ."

ನನ್ನ ಹೆಂಡತಿ ಸೆರಗಿನ ತುದಿಯನ್ನು ಕಣ್ಣಿಗೊತ್ತಿಕೊಂಡಳು. ಡಾಕ್ಟರು ಟಿಶ್ಯೂ ಡಬ್ಬಿಯನ್ನು ಅವಳ ಕಡೆ ಸರಿಸಿ ನನ್ನತ್ತ ತಿರುಗಿ, "ನೀವೊಂದೀಟು ಹೊರಗ ಕೂಡ್ರಿ" ಎಂದರು.

ಹೊರಗೆ ಕೂತೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಅಳು. ಎದ್ದು ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ನಾನು ಮಲಗಿದಂತೆ ನಟಿಸುತ್ತಿದ್ದ ಅಷ್ಟೂ ದಿನ ಪಕ್ಕದಲ್ಲಿ ಅವಳೂ ನಟಿಸುತ್ತಿದ್ದಿರಬೇಕು ಎಂದು ಆಗ ಹೊಳೆಯಿತು. ಮುಕ್ಕಾಲು ಗಂಟೆಯಾಯಿತು. ಇನ್ನೇನು ಬಾಗಿಲು ತೆಗೆಯುತ್ತದೆ ಎನ್ನುವಾಗ ಒಳಗಿಂದ ನಗು ಬಂತು. ಒಬ್ಬರದಲ್ಲ, ಇಬ್ಬರದು. ಒಂದು ಗಂಟೆಯಾಯಿತು. ಮತ್ತೆ ನಗು, ಈ ಸಲ ಉಸಿರು ಸಿಕ್ಕಿಹಾಕಿಕೊಳ್ಳುವಂಥದ್ದು, ನಡುವೆ ನನ್ನ ಹೆಸರು. ಒಂದೂಕಾಲು ಗಂಟೆಯಾದ ಮೇಲೆ ಅವಳು ಹೊರಗೆ ಬಂದಳು. ಕಣ್ಣು ಕೆಂಪು, ಕಾಡಿಗೆ ಕಿವಿಯವರೆಗೆ, ಮುಖ ಮಾತ್ರ ಹತ್ತು ವರ್ಷ ಚಿಕ್ಕದು.

ಕಾರು ಹತ್ತಿದೆವು. ಮಾರುಕಟ್ಟೆ ದಾಟುವವರೆಗೆ ಹೇಗೋ ತಡೆದುಕೊಂಡೆ. ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೆದಕಿ ಕೇಳದ ನಾನು ಕೊನೆಗೆ ಕೇಳಿಯೇಬಿಟ್ಟೆ: "ಅಷ್ಟು ಹೊತ್ತು ಏನು ಮಾತಾಡಿದ್ರಿ?"

ಅವಳು ಸೀಟ್ ಬೆಲ್ಟ್ ಸರಿಮಾಡಿಕೊಂಡು, ಕಿಟಕಿಯಾಚೆ ನೋಡುತ್ತಾ ಹೇಳಿದಳು:

"ಅದು ನನಗೂ ನನ್ನ ಡಾಕ್ಟರಿಗೂ ಬಿಟ್ಟ ವಿಷಯ."