ಮೈನಸ್ ಹದಿನೆಂಟರ ಕಡಲಯಾನ

ಹೆಪ್ಪುಗಟ್ಟಿಸಿದ ಸಿಗಡಿಯನ್ನು ಹಡಗಿನಲ್ಲಿ ಪರದೇಶಕ್ಕೆ ಕಳುಹಿಸುವ ಕೆಲಸದಲ್ಲಿ ನಗುವುದಕ್ಕೆ ಅವಕಾಶವಿಲ್ಲ; ಎಲ್ಲವೂ ನಿಯಮ, ಪ್ರಮಾಣಪತ್ರ, ಮೊಹರು. ಆದರೂ ಕುಮಟಾ ಮತ್ತು ಹೊನ್ನಾವರದ ನಡುವಿನ ನಮ್ಮ ಕಾರ್ಖಾನೆಯಲ್ಲಿ ಪ್ರತಿಯೊಂದು ನಿಯಮವೂ ಯಾರಾದರೊಬ್ಬರ ಕೈಗೆ ಸಿಕ್ಕು ಪ್ರಹಸನವಾಗಿಯೇ ಹೊರಬರುತ್ತದೆ. ಅಲ್ಲಿನ ರಫ್ತಿನ ಕಾಗದಪತ್ರಗಳನ್ನು ಮೂವತ್ತು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ನಾನು ಯಾರಿಗೂ ಪಾಠ ಹೇಳಿದವಳಲ್ಲ. ಆದರೂ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರೂ ನನ್ನನ್ನು ‘ಅಕ್ಕೋರೆ’ ಎಂದೇ ಕರೆಯುತ್ತಾರೆ. ಕಾರಣವನ್ನು ನಾನು ವಿಚಾರಿಸಿಲ್ಲ.

ಕಳೆದ ವರ್ಷ ನಮ್ಮದೊಂದು ಕಂಟೇನರು ತಿರಸ್ಕೃತವಾಯಿತು. ಅದನ್ನು ಬಂದರಿಗೆ ಒಯ್ದ ಚಾಲಕ ತಾನು ಚಹಾಕ್ಕೆ ಇಳಿದಾಗಲೆಲ್ಲ ತಂಪು ಯಂತ್ರಕ್ಕೂ ವಿಶ್ರಾಂತಿ ಕೊಟ್ಟಿದ್ದ. ಖರೀದಿದಾರರು ಈ ಸಲ ಒಂದೇ ಒಂದು ಕಂಟೇನರಿಗೆ ಒಪ್ಪಿದರು. ಬಾಗಿಲು ಮುಚ್ಚಿದ ಗಳಿಗೆಯಿಂದ ಅವರು ತೆರೆಯುವವರೆಗೆ ಮೈನಸ್ ಹದಿನೆಂಟು ಡಿಗ್ರಿ ಇರಬೇಕು. ತಪ್ಪಿದರೆ ವ್ಯವಹಾರ ಮುಗಿಯಿತು. ವ್ಯವಹಾರ ಮುಗಿದರೆ ಸಿಗಡಿ ಸುಲಿಯುವ ಅರವತ್ತು ಹೆಂಗಸರಿಗೂ ಕೆಲಸವಿಲ್ಲ. ಮುಂದೆ ಹೇಳುವುದೆಲ್ಲ ಆ ಒಂದು ಕಂಟೇನರಿನ ಸಂಗತಿ.

೧. ತಪಾಸಣೆ

ಸರಕು ಸಿದ್ಧವಾಗುತ್ತಿದ್ದಾಗ ತಪಾಸಣಾಧಿಕಾರಿಯೊಬ್ಬರು ಬಂದರು. ಹೆಂಗಸರೆಲ್ಲ ಟೊಪ್ಪಿ, ಕೈಗವಸು, ಬೂಟು ಧರಿಸಿ ಸಾಲಾಗಿ ನಿಂತಿದ್ದರು. ಅಧಿಕಾರಿಗಳು ಎಲ್ಲರಿಗಿಂತ ಹಿರಿಯಳಾದವಳನ್ನು ಆರಿಸಿ ಕೇಳಿದರು: “ಸುಲಿದ ಸಿಗಡಿಯಲ್ಲಿ ಒಂದು ಕೂದಲು ಕಂಡರೆ ಏನು ಮಾಡ್ತೀರಿ?”

ಉತ್ತರವನ್ನು ನಾನು ವಾರವಿಡೀ ಬಾಯಿಪಾಠ ಮಾಡಿಸಿದ್ದೆ. ತಟ್ಟೆಯನ್ನು ಬದಿಗಿರಿಸಿ ಮೇಲ್ವಿಚಾರಕರಿಗೆ ತಿಳಿಸಬೇಕು, ಅಷ್ಟೆ. ಆಕೆ ಸ್ವಲ್ಪ ಯೋಚಿಸಿದಳು.

“ಮೊದ್ಲು ಬಣ್ಣ ಕಾಣ್ತೇನೆ ಸಾರ್. ಬಿಳೀದಾದ್ರೆ ನಂದೇ. ಕಪ್ಪಾದ್ರೆ ಇವ್ರಲ್ಲಿ ಯಾರದ್ದು ಅಂತ ಹುಡ್ಕಬೇಕು.”

ಅಧಿಕಾರಿಗಳು ಏನನ್ನೋ ಬರೆದುಕೊಂಡು ಶೀತಲ ಕೋಣೆಯ ಬಾಗಿಲು ತೆರೆಸಿದರು. ಒಳಗೆ, ಸಿಗಡಿಯ ಪೆಟ್ಟಿಗೆಗಳ ಪಕ್ಕದಲ್ಲಿ, ಅಚ್ಚುಕಟ್ಟಾಗಿ ಸುತ್ತಿಟ್ಟ ಅಬ್ಬಲಿಗೆಯ ದಂಡೆಯೊಂದು ಗಾಜಿನಂತೆ ಗಟ್ಟಿಯಾಗಿ ಕುಳಿತಿತ್ತು. ಕೆಲಸದ ವೇಳೆ ಹೂ ಮುಡಿಯಬಾರದು ಎಂಬ ನಿಯಮವನ್ನು ಮಾಡಿದವಳು ನಾನೇ.

“ಇದೂ ಪರದೇಶಕ್ಕೆ ಹೋಗ್ತದಾ?” ಎಂದರು ಅಧಿಕಾರಿಗಳು.

“ಇಲ್ಲ ಸಾರ್,” ಎಂದಳು ಅದೇ ಹಿರಿಯಳು. “ಅದು ಹೊನ್ನಾವರದವರೆಗೆ ಮಾತ್ರ. ಸಂಜೆ ನನ್ನ ಸಂಗ್ತಿಗೆ ಬಸ್ಸಿಗೆ ಬರ್ತದೆ.”

೨. ಕೆಂಪು ಗೆರೆ

ತಂಪು ಕಂಟೇನರಿನ ಒಳಗೋಡೆಯಲ್ಲಿ ಒಂದು ಕೆಂಪು ಗೆರೆಯಿರುತ್ತದೆ. ಪೆಟ್ಟಿಗೆಗಳು ಅದನ್ನು ಮೀರಬಾರದು. ಮೇಲೆ ತಣ್ಣನೆಯ ಗಾಳಿ ಸುತ್ತಾಡಲು ಜಾಗ ಬೇಕು. ಸೋಮವಾರ ಮುಂಜಾನೆ ಸರಕು ತುಂಬುವಾಗ ಇದನ್ನು ನಾನೇ ನಿಂತು ವಿವರಿಸಿದೆ.

ಗೇರುಸೊಪ್ಪದ ಕಡೆಯ ಹಮಾಲನೊಬ್ಬ ಗೆರೆಯನ್ನೂ ಅದರ ಮೇಲಿನ ಖಾಲಿ ಜಾಗವನ್ನೂ ಬಹಳ ಹೊತ್ತು ನೋಡಿದ. ಅವನ ಊರಿನ ಬಸ್ಸಿನಲ್ಲಿ ಅಷ್ಟು ಜಾಗವನ್ನು ಯಾರೂ ಎಂದೂ ಕಂಡಿರಲಿಕ್ಕಿಲ್ಲ.

“ಅಕ್ಕೋರೆ, ಇನ್ನೂ ಎರಡು ಸಾಲು ಹಿಡೀತದೆ.”

“ಅದು ಗಾಳಿಗೆ ಮೀಸಲು.”

“ನಮ್ಮ ಗಾಳಿ ಅಲ್ಲೀವರೆಗೆ ಎಂತಕ್ಕೆ ಕಳ್ಸೂದು? ಅವ್ರ ಊರಲ್ಲಿ ಗಾಳಿ ಇಲ್ವನಾ?”

ನಾನು ಮತ್ತೊಮ್ಮೆ ವಿವರಿಸಿದೆ. ಅವನು ತಲೆಯಾಡಿಸಿ, ಕೆಳಗಿಳಿದು, ಜೊತೆಗಾರನಿಗೆ ಹೇಳಿದ್ದು ನನಗೆ ಕೇಳಿಸಿತು: “ಪಾಪ, ಅಲ್ಲಿ ಗಾಳಿಗೂ ಬರಗಾಲವಂತೆ ಮಾರಾಯಾ.”

ಕೊನೆಯ ಸಾಲಿನಲ್ಲಿ ಇಡಬೇಕಾದದ್ದು ಉಷ್ಣತೆಯನ್ನು ಬರೆದಿಡುವ ಉಪಕರಣ. ಬೆಂಕಿಪೊಟ್ಟಣದಷ್ಟು ಗಾತ್ರ, ಒಂದೇ ಗುಂಡಿ. ಒಮ್ಮೆ ಒತ್ತಿದರೆ ಹಸಿರು ದೀಪ ಮಿನುಗತೊಡಗುತ್ತದೆ. ಆಮೇಲೆ ನಿಲ್ಲಿಸಲು ಬರುವುದಿಲ್ಲ. ಸೋಮವಾರ ಇಡತಕ್ಕದ್ದು ಎಂದು ಹೇಳಿ ಅದನ್ನು ಶುಕ್ರವಾರವೇ ಪ್ಯಾಕಿಂಗ್ ಮೇಲ್ವಿಚಾರಕರ ಕೈಗೆ ಕೊಟ್ಟಿದ್ದೆ. ಅವರು ಧಾರೇಶ್ವರದವರು, ತಲೆಮಾರುಗಳಿಂದ ಬೋಟಿನ ಮನೆತನ. ಉಪಕರಣವನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗಳ ನಡುವೆ ಇಟ್ಟರು. ಹಸಿರು ದೀಪ ಆಗಲೇ ಮಿನುಗುತ್ತಿದ್ದುದನ್ನು ಕಂಡು, ಇವರಾದರೂ ಮುಂಜಾಗ್ರತೆಯುಳ್ಳವರು ಎಂದು ನಾನು ಸಂತೋಷಪಟ್ಟೆ. ಅದರ ಮೇಲೆ ಕುಂಕುಮದ ಬೊಟ್ಟೂ ಇತ್ತು. ಅದನ್ನು ಮಾತ್ರ ಕರವಸ್ತ್ರದಿಂದ ಒರೆಸಿ ಬಾಗಿಲು ಹಾಕಿಸಿದೆ, ಸೀಲು ಬಿತ್ತು.

೩. ಭಟ್ಕಳದ ಮದುವೆ

ಈ ಸಲದ ಚಾಲಕ ಭಟ್ಕಳದವನು. ತಂಪು ಯಂತ್ರ ಒಂದು ನಿಮಿಷವೂ ನಿಲ್ಲಬಾರದೆಂದು ಅವನಿಂದ ಮೂರು ಸಲ ಹೇಳಿಸಿಕೊಂಡೇ ಮಂಗಳೂರು ಬಂದರಿಗೆ ಹೊರಡಿಸಿದ್ದೆ. ಮಧ್ಯಾಹ್ನಕ್ಕೆ ಅವನ ಫೋನು ಬಂತು.

“ಮೇಡಂ, ಯಂತ್ರ ಚಾಲೂ ಇದೆ. ಸದ್ದು ಕೇಳಿ.” ಕೇಳಿದೆ. ಅದರ ಹಿಂದೆ ಒಂದು ಊರಿಗಾಗುವಷ್ಟು ಜನರ ಸದ್ದೂ ಕೇಳಿಸಿತು.

“ಎಲ್ಲಿದ್ದೀರಿ?”

“ನಮ್ಮ ಮಾವನ ಮನೆ ಎದುರಿಗೆ. ಅವರ ಮಗಳ ಮದುವೆ ಮೇಡಂ. ಸಲಾಂ ಹೇಳಿ ಹೊರಟೇಬಿಡ್ತಿದ್ದೆ. ಆದ್ರೆ ಇಲ್ಲಿ ಕರೆಂಟು ಹೋಗಿದೆ. ಮುನ್ನೂರು ಜನರ ಐಸ್‌ಕ್ರೀಂ ಕರಗ್ತಾ ಉಂಟು. ಮಾವ ಕೇಳ್ತಾರೆ, ಅರ್ಧ ಗಂಟೆ ಮಟ್ಟಿಗೆ ಒಳಗೆ ಇಡಬಹುದಾ ಅಂತ.”

“ಸೀಲು ಒಡೆದರೆ ಸರಕು ವಾಪಸು.”

“ನಾನೂ ಅದೇ ಹೇಳಿದೆ ಮೇಡಂ. ಅವರು ಹೇಳ್ತಾರೆ, ಇಷ್ಟು ದೊಡ್ಡ ಡಬ್ಬಕ್ಕೆ ಹಿತ್ತಿಲ ಬಾಗಿಲು ಇರದೆ ಇರ್ತದಾ ಅಂತ.”

ನನ್ನ ತಾಳ್ಮೆ ಮುಗಿಯಿತು. “ನಿಮ್ಮ ಮಾವನವರಿಗೆ ತಿಳಿಸಿ. ಆ ಬಾಗಿಲು ತೆರೆದರೆ ನಾಳೆಯಿಂದ ನಮ್ಮ ಅರವತ್ತು ಹೆಂಗಸರ ಊಟದ ಹೊಣೆ ಅವರದ್ದು.”

ಆ ಕಡೆ ಏನೋ ಮಾತುಕತೆ ನಡೆಯಿತು. ಬಳಿಕ ಚಾಲಕ ವಿನಯದಿಂದ ಹೇಳಿದ:

“ಮೇಡಂ, ಬಾಗಿಲು ತೆರೆಯೂದಿಲ್ಲ. ಆದ್ರೆ ಮಾವ ಹೇಳ್ತಾರೆ, ನಾಳೆ ಎಂತಕ್ಕೆ, ಇವತ್ತೇ ಕಳಿಸಿ. ಬಿರಿಯಾನಿ ಬೇಕಾದಷ್ಟು ಉಂಟು.”

೪. ಬೆಳಗಿನ ಆರು, ಸಂಜೆಯ ಏಳು

ಹಡಗು ಮುಟ್ಟಿದ ನಾಲ್ಕು ದಿನಗಳ ಬಳಿಕ ಖರೀದಿದಾರರ ಪತ್ರ ಬಂತು. ಜೊತೆಗೆ ನಮ್ಮ ಉಪಕರಣ ಬರೆದಿಟ್ಟ ನಕ್ಷೆ. ಸಮುದ್ರದ ಮೇಲಿನ ದಿನಗಳಲ್ಲಿ ಗೆರೆ ಅಡಿಪಟ್ಟಿ ಹಿಡಿದು ಎಳೆದಂತೆ ನೇರವಾಗಿತ್ತು. ಆದರೆ ಮೊದಲ ಮೂರು ದಿನ ಇಪ್ಪತ್ತೊಂಬತ್ತು ಡಿಗ್ರಿ. ಅಷ್ಟೇ ಅಲ್ಲ, ಪ್ರತಿದಿನ ಬೆಳಗಿನ ಆರಕ್ಕೆ ಒಮ್ಮೆ, ಸಂಜೆಯ ಏಳಕ್ಕೆ ಒಮ್ಮೆ ನಲವತ್ತೊಂದು. ಎರಡು ದಿನಗಳಲ್ಲಿ ವಿವರಣೆ ಬೇಕು, ಇಲ್ಲವಾದರೆ ಸರಕು ತಿರಸ್ಕೃತ ಎಂದು ಬರೆದಿದ್ದರು.

ಕಾರ್ಖಾನೆಯ ಮಾಲೀಕರಾದ ಸಾಹುಕಾರರು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಶೆಟ್ಲಿಗೆ ದಿನಕ್ಕೆ ಎರಡು ಸಲ ಜ್ವರ ಬಂದದ್ದಾ?” ಎಂದರು. ಶೆಟ್ಲಿ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಸಿಗಡಿ.

ನಾನು ಮೇಲ್ವಿಚಾರಕರನ್ನು ಕರೆಸಿದೆ. “ಶುಕ್ರವಾರದಿಂದ ಸೋಮವಾರದವರೆಗೆ ಆ ಉಪಕರಣ ಎಲ್ಲಿತ್ತು?”

“ಮನೇಲಿ, ದೇವ್ರ ಕೋಣೇಲಿ. ಬಲೆ ಆಗ್ಲಿ, ಇಂಜಿನ್ ಆಗ್ಲಿ, ಹೊಸಾದು ಮೂರು ದಿನ ದೇವ್ರ ಮುಂದೆ ಕೂರದೆ ನಮ್ಮಲ್ಲಿ ಕಡಲಿಗೆ ಇಳಿಯೂದಿಲ್ಲ, ಅಕ್ಕೋರೆ.”

“ಇಡಿ. ಗುಂಡಿ ಒತ್ತಿದ್ದು ಯಾಕೆ?”

“ಬಂದ್ ಇದ್ದ ಯಂತ್ರಕ್ಕೆ ಆರತಿ ಎತ್ತಿ ಎಂತ ಉಪಯೋಗ? ಬೋಟಿನ ಇಂಜಿನ್ನೂ ಚಾಲೂ ಮಾಡೇ ಪೂಜೆ ಮಾಡೂದು.”

ಆರು ಗಂಟೆಯೂ ಏಳು ಗಂಟೆಯೂ ನನಗೆ ಅರ್ಥವಾದವು. ಸಾಹುಕಾರರು ಕೈಮುಗಿದರು. “ಅಕ್ಕೋರೆ, ಉಪಕರಣ ಕೆಟ್ಟಿತ್ತು ಅಂತ ಬರ್ದುಬಿಡಿ. ಅರವತ್ತು ಮನೆ ಒಲೆ ಇದೆ ಇದ್ರ ಮೇಲೆ.”

ನನಗೆ ಅಕ್ಷರ ಕಲಿಸಿದ ಕಾನ್ವೆಂಟಿನ ಸಿಸ್ಟರುಗಳು ಸುಳ್ಳನ್ನು ಎಂಥ ಕೈಬರಹದಲ್ಲಿ ಬರೆಯಬೇಕೆಂದು ಕಲಿಸಿರಲಿಲ್ಲ. ನಾಲ್ಕು ವಾಕ್ಯಗಳಲ್ಲಿ ನಡೆದದ್ದನ್ನೇ ಬರೆದೆ: ಉಪಕರಣವು ಮೂರು ದಿನ ದೇವರ ಮುಂದಿತ್ತು, ದಿನಕ್ಕೆರಡು ಬಾರಿ ಆರತಿಯಾಯಿತು, ಆ ಹೊತ್ತಿನಲ್ಲಿ ಸಿಗಡಿಯು ನಾಲ್ಕು ಮೈಲಿ ದೂರದ ನಮ್ಮ ಶೀತಲ ಕೋಣೆಯಲ್ಲಿ ಸುರಕ್ಷಿತವಾಗಿತ್ತು, ಕಂಟೇನರಿನ ತಂಪು ಯಂತ್ರವೇ ಬರೆದಿಟ್ಟ ದಾಖಲೆಯನ್ನು ದಯವಿಟ್ಟು ಹೋಲಿಸಿ ನೋಡುವುದು. ಉತ್ತರ ಬರುವ ತನಕ ಸುಲಿಯುವ ಕೋಣೆಯ ಹೆಂಗಸರು ಸರದಿಯಂತೆ ಬಂದು ನನ್ನ ಮೇಜಿನ ಮೇಲೆ ಪತ್ರವಿದೆಯೇ ಎಂದು ನೋಡಿ ಹೋದರು. ಮೂವತ್ತು ವರ್ಷಗಳಲ್ಲಿ ಅದೇ ಮೊದಲು.

ಉತ್ತರ ಬಂತು. “ದಾಖಲೆಗಳು ತಾಳೆಯಾಗಿವೆ. ಸರಕು ಸ್ವೀಕೃತ. ಇಷ್ಟು ಸ್ಥಿರವಾದ ಉಷ್ಣತೆ ನಮಗೆ ಅಪರೂಪ. ಮುಂದಿನ ಕಂಟೇನರುಗಳಿಗೂ ನಿಮ್ಮ ಎಂದಿನ ಕ್ರಮವನ್ನೇ ಅನುಸರಿಸಿರಿ. ಅದನ್ನು ಲಿಖಿತವಾಗಿ ಕಳುಹಿಸಿರಿ.”

ಹೀಗಾಗಿ ಕಾರ್ಖಾನೆಯ ಕಾರ್ಯವಿಧಾನಕ್ಕೆ ನನ್ನ ಕೈಯಿಂದಲೇ ಒಂದು ಅಂಶ ಸೇರಿತು: ಉಪಕರಣವನ್ನು ಮೂರು ದಿನ ದೇವರ ಮುಂದೆ ಇಡಬಹುದು, ಗುಂಡಿಯನ್ನು ಮಾತ್ರ ಒತ್ತತಕ್ಕದ್ದಲ್ಲ. ಮೇಲ್ವಿಚಾರಕರು ಓದಿ, ಸಹಿ ಹಾಕದೆ ಲೇಖನಿಯನ್ನು ಕೆಳಗಿಟ್ಟರು.

“ಹಸ್ರು ದೀಪ ಕಾಣ್ದೆ ದೇವ್ರಿಗೆ ಅದು ಎಂತದು ಅಂತ ಗೊತ್ತಾಗೂದು ಹ್ಯಾಂಗೆ, ಅಕ್ಕೋರೆ?”

ಅಂದಿನಿಂದ ಪ್ರತಿ ಕಂಟೇನರಿಗೂ ಎರಡೆರಡು ಉಪಕರಣ ತರಿಸುತ್ತೇವೆ. ಒಂದು ಸಿಗಡಿಯ ಉಷ್ಣತೆಯನ್ನು ಬರೆಯುತ್ತದೆ, ಇನ್ನೊಂದು ದೇವರದ್ದನ್ನು. ದೇವರ ನಕ್ಷೆಯನ್ನು ಪರದೇಶದವರು ಈಗ ತಾವಾಗಿಯೇ ಕೇಳುತ್ತಾರೆ. ಕಳೆದ ತಿಂಗಳು ಸಂಜೆಯ ಆರತಿ ಹದಿನೈದು ನಿಮಿಷ ತಡವಾದುದಕ್ಕೆ ವಿವರಣೆ ಕೋರಿದ್ದಾರೆ.